ನಷ್ಟದ ಬೋರ್ಡು

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಗೆಳೆಯನೊಬ್ಬ ಮೊನ್ನೆ ನನಗೆ 'ಫುಡ್ ಕಾಸ್ಟ್' ಪಾಠ ಮಾಡಿದ. 40 ರೂಪಾಯಿ ದೋಸೆಗೆ ಸಾಮಾನಿನ ಖರ್ಚು 14 ಆದರೆ ಫುಡ್ ಕಾಸ್ಟ್ ಶೇ. 35. ಉಳಿದದ್ದರಲ್ಲಿ ಸಂಬಳ, ಬಾಡಿಗೆ, ಗ್ಯಾಸು, ಕೊನೆಗೆ ಮಿಕ್ಕರೆ ಲಾಭ.

ನನಗೆ ತಕ್ಷಣ ನೆನಪಾದದ್ದು ಬೆಂಗಳೂರಿನ ಎಂ.ಟಿ.ಆರ್. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲ್. (ನಮ್ಮಲ್ಲಿ ಹೋಟೆಲ್ ಅಂದ್ರೆ ತಿನ್ನೋ ಜಾಗ ತಾನೆ? ಮಲಗೋಕೆ ಲಾಡ್ಜ್!) ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತಾರೆ.

1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲ್ ತಿಂಡಿಯ ಬೆಲೆ ಇಳಿಸಿ ಅಂತ ಸರ್ಕಾರದ ಕಟ್ಟಪ್ಪಣೆ. ಬೆಲೆ ಕಟ್ಟಿಹಾಕಿದ ಮೇಲೆ ಇರೋದು ಎರಡೇ ದಾರಿ: ತುಪ್ಪ ಕಮ್ಮಿ ಮಾಡೋದು, ಇಲ್ಲಾ ನಷ್ಟ ಅನುಭವಿಸೋದು. ಇವರು ಗುಣಮಟ್ಟ ಬಿಡಲಿಲ್ಲ. ದಿನದ ನಷ್ಟ ಎಷ್ಟು ಅಂತ ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರು! ಕೊನೆಗೆ ಹೋಟೆಲಿನ ಬಾಗಿಲು ಹಾಕಬೇಕಾಯ್ತು. ಕೆಲಸದವರನ್ನು ಕೈಬಿಡದೆ, ಪಕ್ಕದಲ್ಲೇ ಮಸಾಲೆ ಪುಡಿ, ದಿಢೀರ್ ಮಿಕ್ಸ್ ಮಾರೋಕೆ ನಿಂತರು. ಆ ವ್ಯಾಪಾರವೇ ದೊಡ್ಡ ಕಂಪನಿಯಾಗಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯ್ತು. ಮತ್ತೆ ತೆರೆದ ಹೋಟೆಲ್ ಮಾತ್ರ ಮಯ್ಯರ ಮನೆತನದಲ್ಲೇ ಉಳೀತು.

ಅಗ್ಗದ ದೋಸೆಯ ಬಾಕಿ ದುಡ್ಡನ್ನ ಯಾರಾದರೊಬ್ಬರು ತೆರಲೇಬೇಕು. ಅವತ್ತು ತೆತ್ತವರು ಯಾರು ಅಂತ ಆ ಬೋರ್ಡು ಹೇಳ್ತಿತ್ತು. ಈಗ ದರ್ಶಿನಿಗಳಲ್ಲಿ ದೋಸೆ ಸಸ್ತಾ ಸಿಕ್ಕಾಗೆಲ್ಲ ನನ್ನ ಕಣ್ಣು ಟೇಬಲ್ ಒರೆಸೋ ಹುಡುಗನ ಕಡೆ ಹೋಗುತ್ತೆ. ಅವನ ಲೆಕ್ಕ ಬರೆಯೋಕೆ ಬೋರ್ಡು ಎಲ್ಲಿದೆ? ನಿಮಗೇನನ್ನಿಸುತ್ತೆ?