ಮೈಸೂರರಸರೂ ಮೆಟ್ನರನ ಸಂಗೀತವೂ

ಕವಿಗೂ ಗಾಯಕನಿಗೂ ಅರಸರಿಂದ ದೊರೆತ ಆಶ್ರಯದ ಸ್ವರೂಪವನ್ನು ಪರ್ಯಾಲೋಚಿಸಿದರೆ ಅದರಲ್ಲಿ ಎರಡು ಬಗೆಗಳು ಸ್ಪಷ್ಟವಾಗಿ ತೋರುತ್ತವೆ. ಕೃತಿಯನ್ನು ರಚಿಸುವಂತೆ ಮಾಡುವ ಆಶ್ರಯವು ಮೊದಲನೆಯದು. ಇದಕ್ಕೆ ಪಂಪನೂ ಅರಿಕೇಸರಿಯೂ ಪ್ರಸಿದ್ಧವಾದ ದೃಷ್ಟಾಂತ. ರಚಿತವಾಗಿಯೂ ನಶಿಸಿಹೋಗಬಹುದಾದ ಕೃತಿಯನ್ನು ಉಳಿಸುವ ಆಶ್ರಯವು ಎರಡನೆಯದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ದಾನಮಾಡಿದಳೆಂಬ ಸಂಗತಿಯು ಕನ್ನಡ ವಿದ್ವಾಂಸರೆಲ್ಲರಿಗೂ ತಿಳಿದುದೇ. ಆಕೆ ಆ ಕಾವ್ಯವನ್ನು ಬರೆಯಿಸಿದವಳಲ್ಲ. ಅದು ಆಕೆಯ ಹಿಂದಿನ ತಲೆಮಾರಿನದು. ಆದರೂ ಅದರ ಬಾಳಿಗೆ ಆಕೆ ಮಾಡಿದ ಉಪಕಾರವು ಕವಿಯ ಆಶ್ರಯದಾತರು ಮಾಡಿದುದಕ್ಕಿಂತ ಕಡಮೆಯಾದುದಲ್ಲ. ಮೊದಲನೆಯದನ್ನು ಪ್ರಭುವಿನ ಆಶ್ರಯವೆಂದು ಕರೆಯಬಹುದಾದರೆ, ಎರಡನೆಯದನ್ನು ಸಹೃದಯನ ಆಶ್ರಯವೆಂದು ಕರೆಯಬಹುದು.

ಈ ಎರಡನೆಯ ಬಗೆಯ ಆಶ್ರಯವು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಮೈಸೂರಿನಿಂದ ಹೊರಟು, ಸಮುದ್ರವನ್ನು ದಾಟಿ, ಲಂಡನಿನಲ್ಲಿ ಬಡತನದಲ್ಲಿದ್ದ ಒಬ್ಬ ರಷ್ಯನ್ ವಾಗ್ಗೇಯಕಾರನನ್ನು ಮುಟ್ಟಿದ ವೃತ್ತಾಂತವು ಕರ್ಣಾಟಕದ ಸಾಂಸ್ಕೃತಿಕ ಚರಿತ್ರೆಯಲ್ಲಿ ವಿಶೇಷ ವಿಚಾರಕ್ಕೆ ಅರ್ಹವಾದುದು. ಅರಸರ ಔದಾರ್ಯದ ಒಂದು ಚಮತ್ಕಾರವೆಂದು ಇದನ್ನು ಹೇಳಿ ಬಿಡುವುದು ವಾಡಿಕೆ. ಆದರೆ ಇದರ ನಿಜವಾದ ಮಹತ್ತ್ವವಿರುವುದು ಕೊಟ್ಟ ಹಣದಲ್ಲಿ ಅಲ್ಲ, ಕೇಳಿದ ಕಿವಿಯಲ್ಲಿ.

ಮೈಸೂರು ಅರಮನೆಗೆ ಐರೋಪ್ಯ ಸಂಗೀತವು ಹೊಸದೇನೂ ಆಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಆಸ್ಥಾನವು ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರೇ ಮೊದಲಾದ ವಿದ್ವಾಂಸರಿಂದ ಬೆಳಗುತ್ತಿದ್ದಂತೆಯೇ, ಅರಮನೆಯ ಪಾಶ್ಚಾತ್ಯ ವಾದ್ಯವೃಂದವೂ ಆಟೋ ಸ್ಮಿಟ್ ಎಂಬ ಜರ್ಮನ್ ನಾಯಕನ ಕೈಕೆಳಗೆ ಶಿಕ್ಷಣವನ್ನು ಪಡೆದಿದ್ದಿತು. ಈ ವಾತಾವರಣದಲ್ಲಿ ೧೯೧೯ರಲ್ಲಿ ಜನಿಸಿದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಬಾಲ್ಯದಿಂದಲೇ ಪಿಯಾನೊವನ್ನು ಅಭ್ಯಾಸಮಾಡಿದರು. ೧೯೪೦ರಲ್ಲಿ ಸಿಂಹಾಸನವು ಪ್ರಾಪ್ತವಾಗದೆ ಇದ್ದಿದ್ದರೆ ಅವರು ಪಿಯಾನೊ ವಾದಕರೇ ಆಗುತ್ತಿದ್ದರೆಂದು ಹೇಳುವುದುಂಟು. ೧೯೪೫ರಲ್ಲಿ ಲಂಡನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ಸಂದುವು. ಆದುದರಿಂದ ಅವರು ಐರೋಪ್ಯ ಸಂಗೀತವನ್ನು ಕೇಳುತ್ತಿದ್ದುದು ವಿನೋದಕ್ಕಾಗಿ ಕೇಳುವವರಂತಲ್ಲ, ಲಿಪಿಯನ್ನು ಓದಬಲ್ಲ, ಕೈಯಿಂದ ನುಡಿಸಬಲ್ಲ ಅಭ್ಯಾಸಿಗಳಂತೆ.

ಇವರ ಗಮನಕ್ಕೆ ಪಾತ್ರನಾದ ನಿಕೊಲಾಯ್ ಮೆಟ್ನರನು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ರಷ್ಯಾದ ಕ್ರಾಂತಿಯ ತರುವಾಯ, ೧೯೨೧ರಲ್ಲಿ, ಅವನು ಸ್ವದೇಶವನ್ನು ಬಿಟ್ಟು ಜರ್ಮನಿ, ಫ್ರಾನ್ಸ್ ದೇಶಗಳಲ್ಲಿದ್ದು ಕೊನೆಗೆ ೧೯೩೫ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದನು. ರಾಖ್ಮಾನಿನೋಫನು ಅವನನ್ನು ಪರಮಗೌರವದಿಂದ ಕಾಣುತ್ತಿದ್ದನು. ತನ್ನ ನಾಲ್ಕನೆಯ ಪಿಯಾನೊ ಕಂಚೆರ್ಟೊವನ್ನು ಮೆಟ್ನರನಿಗೆ ಅರ್ಪಿಸಿದನು. ಮೆಟ್ನರನ ಎರಡನೆಯ ಕಂಚೆರ್ಟೊ ರಾಖ್ಮಾನಿನೋಫನಿಗೆ ಅರ್ಪಿತವಾಯಿತು. ಕಂಚೆರ್ಟೊ ಎಂಬುದು ಒಂದು ಪ್ರಧಾನ ವಾದ್ಯವು ವಾದ್ಯವೃಂದದೊಡನೆ ಸಂವಾದ ನಡೆಸುವ ದೀರ್ಘಪ್ರಬಂಧ. ಇಂಥವನ್ನು ಮೂರನ್ನು ಮಾತ್ರ ರಚಿಸಿದ ಮೆಟ್ನರನ ಉಳಿದ ಕೃತಿಗಳು ಬಹುಪಾಲು ಪಿಯಾನೊ ಸೊನಾಟಗಳು, ‘ಕಥೆ’ ಎಂಬ ಹೆಸರಿನ ಚಿಕ್ಕ ಪಿಯಾನೊ ರಚನೆಗಳು ಹಾಗೂ ಕವಿತೆಗಳಿಗೆ ಅಳವಡಿಸಿದ ಗೀತಗಳು.

ಅವನು ಕಾಲದಿಂದ ಆಧುನಿಕನಾಗಿದ್ದರೂ ರೀತಿಯಿಂದ ಆಧುನಿಕನಾಗಿರಲಿಲ್ಲ. ಷೋನ್‌ಬೆರ್ಗ್, ಸ್ಟ್ರಾವಿನ್‌ಸ್ಕಿ ಮೊದಲಾದವರು ಸ್ವರಸಂಬಂಧದ ಹಳೆಯ ನಿಯಮಗಳನ್ನು ಸಡಿಲಿಸಿಯೋ ಮುರಿದೋ ಮುಂದುವರಿಯುತ್ತಿದ್ದ ಕಾಲದಲ್ಲಿ, ಆ ನಿಯಮಗಳು ಸಂಗೀತಭಾಷೆಯ ವ್ಯಾಕರಣವೇ ಹೊರತು ಬಂಧನವಲ್ಲವೆಂಬುದು ಅವನ ದೃಢವಾದ ನಂಬಿಕೆಯಾಗಿದ್ದಿತು. ೧೯೩೫ರಲ್ಲಿ ಪ್ರಕಟವಾದ ‘ಕಲಾದೇವಿಯೂ ಕಾಲದ ರೂಢಿಯೂ’ ಎಂಬರ್ಥದ ಹೆಸರಿನ ತನ್ನ ಗ್ರಂಥದಲ್ಲಿ ಅವನು ಈ ಪಕ್ಷವನ್ನೇ ಪ್ರತಿಪಾದಿಸಿದನು. ಎಲ್ಲರೂ ಹೊಸ ಮಟ್ಟುಗಳಲ್ಲಿ ಬರೆಯುತ್ತಿರುವಾಗ ಒಬ್ಬನೇ ಚಂಪುವನ್ನು ಬರೆಯುವ ಕವಿಗೆ ಯಾವ ಗತಿಯೋ ಆ ಗತಿಯೇ ಅವನಿಗೂ ಒದಗಿತು. ನವೀನರು ಅವನನ್ನು ಹಳಬನೆಂದರು. ಹಳತನ್ನು ಬಯಸುವವರಿಗೆ ಅವನ ಸಂಗೀತದ ಹೆಣಿಗೆ ಬಲು ಬಿಗಿಯಾಗಿ ತೋರಿತು. ಎರಡನೆಯ ಮಹಾಯುದ್ಧವು ಒದಗಿದಾಗ ಜರ್ಮನಿಯ ಪ್ರಕಾಶಕನಿಂದ ಬರುತ್ತಿದ್ದ ಆದಾಯವೂ ನಿಂತಿತು, ಆರೋಗ್ಯವೂ ಕೆಟ್ಟಿತು. ಆ ಕಷ್ಟದ ನಡುವೆ ರಚಿಸಿದ ಮೂರನೆಯ ಕಂಚೆರ್ಟೊವನ್ನು ಅವನು ೧೯೪೪ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು.

ಇಂಥ ಸಂಗೀತವು ಮೈಸೂರಿನಲ್ಲಿ ಕುಳಿತ ಶ್ರೋತೃವಿಗೆ ಹೇಗೆ ಎಟುಕಿತು ಎಂಬುದನ್ನು ಅರಿಯಬೇಕಾದರೆ ಗ್ರಾಮಫೋನು ತಟ್ಟೆಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಅಂದಿನ ತಟ್ಟೆಗಳು ಅರಗಿನವು. ಆ ಅರಗಾದರೋ ಬಹುಮಟ್ಟಿಗೆ ಭಾರತದಿಂದಲೇ ಹೋಗುತ್ತಿದ್ದಿತು. ನಿಮಿಷಕ್ಕೆ ೭೮ ಸುತ್ತು ತಿರುಗುವ ದೊಡ್ಡ ತಟ್ಟೆಯ ಒಂದು ಮೈಯಲ್ಲಿ ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚಿನ ಸಂಗೀತ ಮಾತ್ರ ಹಿಡಿಯುತ್ತಿದ್ದುದರಿಂದ, ಮುಕ್ಕಾಲು ಗಂಟೆಯ ಕೃತಿಗೆ ಹತ್ತು ಮೈಗಳಾದರೂ ಬೇಕಾಗುತ್ತಿದ್ದುವು. ಕೇಳುವವನು ಮತ್ತೆ ಮತ್ತೆ ಎದ್ದು ತಟ್ಟೆಯನ್ನು ತಿರುವಬೇಕು. ಇದು ಒಂದು ತೊಡಕೇ ಸರಿ. ಆದರೆ ಇದರಲ್ಲಿ ಒಂದು ಲಾಭವೂ ಇದ್ದಿತು. ಸಭೆಯಲ್ಲಿ ಕೇಳಿದ ಹೊಸ ಸಂಗೀತವು ಒಮ್ಮೆ ಮೊಳಗಿ ಮಾಯವಾಗುತ್ತದೆ. ತಟ್ಟೆಯ ಸಂಗೀತವನ್ನು, ಕಠಿನವಾದ ಪದ್ಯವನ್ನು ಮತ್ತೆ ಮತ್ತೆ ಓದಿ ಅನ್ವಯಿಸುವಂತೆ, ಅದೇ ಭಾಗವನ್ನು ಹತ್ತು ಸಲ ಹಾಕಿ ಕೇಳಬಹುದು. ಒಂದು ಸ್ವರಗುಚ್ಛವು ರೂಪಾಂತರಗೊಂಡು ಬಹುದೂರದಲ್ಲಿ ಮರಳಿ ಬರುವುದೇ ಮೆಟ್ನರನ ರಚನಾಕ್ರಮವಾದುದರಿಂದ, ಅವನ ಸಂಗೀತವು ಇಂಥ ಪುನಃಶ್ರವಣಕ್ಕೇ ಒಲಿಯುವಂಥದು.

ಆದರೆ ಕೊಳ್ಳುವವರು ವಿರಳವಾದ ಸಂಗೀತವನ್ನು ತಟ್ಟೆಗೆ ಏರಿಸುವ ವೆಚ್ಚವನ್ನು ಯಾವ ಕಂಪನಿಯು ತಾನೇ ಹೊತ್ತೀತು? ಈ ತೊಡಕಿಗೆ ಲಂಡನಿನ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ಗನು ಒಂದು ಉಪಾಯವನ್ನು ಕಂಡುಹಿಡಿದಿದ್ದನು. ೧೯೩೧ರಲ್ಲಿ ಹ್ಯೂಗೊ ವೊಲ್ಫನ ಗೀತಗಳಿಗಾಗಿ ಅವನು ಒಂದು ‘ಸೊಸೈಟಿ’ಯನ್ನು ಕಟ್ಟಿದನು, ೫೦೦ ಮಂದಿ ಶ್ರೋತೃಗಳು ಮುಂಗಡವಾಗಿ ಚಂದಾ ಕೊಟ್ಟರೆ ಮುದ್ರಣವು ನಡೆಯುತ್ತದೆಂಬುದೇ ನಿಯಮ. ಈ ರೀತಿಯ ಸೊಸೈಟಿಯ ಮೂಲಕವೇ ಷ್ನಾಬೆಲನು ನುಡಿಸಿದ ಬೀಥೊವೆನನ ೩೨ ಸೊನಾಟಗಳೂ ತಟ್ಟೆಗೆ ಬಂದುವು. ಪುಸ್ತಕಕ್ಕೆ ಮುಂಗಡ ಚಂದಾದಾರರಿರುವಂತೆ ಸಂಗೀತಕ್ಕೂ ಚಂದಾದಾರರಾದುದು ಇದರಿಂದ. ಮೆಟ್ನರನ ವಿಷಯದಲ್ಲಿ ಐನೂರು ಜನರ ಹೊರೆಯನ್ನು ಮೈಸೂರಿನ ಮಹಾರಾಜರೊಬ್ಬರೇ ಹೊತ್ತರು. ೧೯೪೦ರ ದಶಕದ ಉತ್ತರಾರ್ಧದಲ್ಲಿ ಅವರ ದ್ರವ್ಯಸಹಾಯದಿಂದ ಮೆಟ್ನರ್ ಸೊಸೈಟಿಯು ಏರ್ಪಟ್ಟಿತು. ಈ ಸಂಬಂಧವಾಗಿ ಲೆಗ್ಗನು ಮೈಸೂರಿಗೇ ಬಂದನು. ಅರಮನೆಯಲ್ಲಿ ತಾನು ಕಂಡ ಅಪಾರವಾದ ಧ್ವನಿಮುದ್ರಿಕೆಗಳ ಭಂಡಾರವನ್ನೂ, ಹಲವು ಪಿಯಾನೊಗಳನ್ನೂ, ಇನ್ನೂ ಮೂವತ್ತು ತುಂಬದ ಅರಸರ ಸಂಗೀತಜ್ಞಾನವನ್ನೂ ಅವನು ಮುಂದೆ ಬೆರಗಿನಿಂದ ಸ್ಮರಿಸಿದ್ದಾನೆ.

೧೯೪೭ರಲ್ಲಿ ಮೆಟ್ನರನು ತನ್ನ ಅರುವತ್ತೇಳನೆಯ ವಯಸ್ಸಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತನ್ನ ಮೂರು ಕಂಚೆರ್ಟೊಗಳನ್ನೂ ನುಡಿಸಿ ಮುದ್ರಿಸಿದನು. ಸೊನಾಟಗಳೂ ಕಥೆಗಳೂ ಗೀತಗಳೂ ಅವನ್ನು ಹಿಂಬಾಲಿಸಿದುವು. ೧೯೫೧ರ ನವೆಂಬರಿನಲ್ಲಿ ಅವನು ಕಾಲವಾದಾಗ ಅವನ ಸಮಗ್ರ ಕೃತಿಗಳು ಮುದ್ರಿತವಾಗಿರಲಿಲ್ಲವಾದರೂ, ಮುಖ್ಯವಾದುವು ಕರ್ತೃವಿನ ಕೈಯಿಂದಲೇ ಉಳಿದುಕೊಂಡಿದ್ದುವು. ಮೂರನೆಯ ಕಂಚೆರ್ಟೊವನ್ನು ಅವನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಹೀಗೆ ಅರ್ಪಣವು ರಚನೆಗೆ ಮೊದಲು ದೊರೆತ ಸಂಭಾವನೆಗೆ ಪ್ರತಿಫಲವಾಗಿ ಬರದೆ, ರಚನೆಯಾದ ಮೇಲೆ ದೊರೆತ ಶ್ರವಣಕ್ಕೆ ಪ್ರತಿಫಲವಾಗಿ ಬಂದಿತು.

ಮಹಾರಾಜರ ಆಯ್ಕೆಯು ಒಬ್ಬನಲ್ಲಿಯೇ ನಿಲ್ಲಲಿಲ್ಲ. ೧೯೪೮ರಲ್ಲಿ ಅವರು ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ಆ ವಾದ್ಯವೃಂದಕ್ಕೂ ಸೊಸೈಟಿಗೂ ಮೂರು ವರ್ಷಗಳ ಕಾಲ ವರ್ಷಕ್ಕೆ ೧೦,೦೦೦ ಪೌಂಡುಗಳ ಸಹಾಯವನ್ನು ಒಪ್ಪಿಕೊಂಡರೆಂಬುದು ಲೆಗ್ಗನ ಹೇಳಿಕೆ. ಅವರ ಹೆಸರಿನ ಪ್ರತಿಷ್ಠಾನದ ಆಶ್ರಯದಲ್ಲಿ ೧೯೪೯ರಲ್ಲಿ ಕರಾಯನ್ ನಡೆಸಿದ ಬಲಾಕಿರೆಫನ ಮೊದಲನೆಯ ಸಿಂಫೊನಿಯೂ, ಫ್ರಾನ್ಸಿನ ರೂಸೆಲನು ೧೯೩೪ರಲ್ಲಿ ರಚಿಸಿದ ನಾಲ್ಕನೆಯ ಸಿಂಫೊನಿಯೂ ಮುದ್ರಿತವಾದುವು. ಎರಡೂ ಸಭೆಗಳಲ್ಲಿ ಅಪೂರ್ವವಾಗಿ ಮಾತ್ರ ಕೇಳಿಬರುತ್ತಿದ್ದುವು. ೧೯೫೦ರ ಮೇ ೨೨ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷ ದಿವಂಗತನಾಗಿದ್ದ ರಿಖಾರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತಗಳು ಪ್ರಥಮವಾಗಿ ಹಾಡಲ್ಪಟ್ಟುವು. ಹಾಡಿದವಳು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಧನದ ಹೊಣೆಯನ್ನು ಹೊತ್ತವರು ಮೈಸೂರಿನ ಮಹಾರಾಜರು. ಅವರು ಆ ಸಂಜೆ ಸಭೆಯಲ್ಲಿ ಇರಲಿಲ್ಲ; ಧ್ವನಿಮುದ್ರಿಕೆಯು ಮೈಸೂರಿಗೆ ಬಂದು ಅವರ ಸಂಗ್ರಹವನ್ನು ಸೇರಬೇಕೆಂಬುದೇ ಏರ್ಪಾಡು. ಆ ಸಂದರ್ಭದ ಮುದ್ರಣವು ಸವೆದ ದನಿಯಲ್ಲಾದರೂ ಉಳಿದುಬಂದಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಅದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಮೆಟ್ನರನು ಲಂಡನಿನಲ್ಲಿ ತನ್ನ ಕಂಚೆರ್ಟೊಗಳನ್ನು ಮುದ್ರಿಸುತ್ತಿದ್ದ ೧೯೪೭ನೆಯ ವರ್ಷದಲ್ಲಿಯೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿಯು ನಡೆಯಿತು, ಜನರು ಸೆರೆಮನೆಗಳನ್ನು ಸೇರಿದರು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಕನ್ನಡನಾಡಿನ ಅರಮನೆಯ ದ್ರವ್ಯವು ದೂರದೇಶದ ಸಂಗೀತಕ್ಕೆ ಹರಿದುದು ನ್ಯಾಯವೇ ಎಂದು ಆಗ ಸೆರೆಯಲ್ಲಿದ್ದವನೊಬ್ಬನು ಕೇಳಿದ್ದರೆ ಅದಕ್ಕೆ ಸುಲಭವಾದ ಉತ್ತರವಿಲ್ಲ. ಆಸ್ಥಾನಕವಿಗೆ ಕೊಟ್ಟ ಅಗ್ರಹಾರವೂ ಉಳುವವನ ಬೆವರಿನಿಂದಲೇ ಬಂದುದೆಂಬುದು ಹಳೆಯ ಪ್ರಶ್ನೆ. ಆದರೆ ಹಳೆಯದಾದ ಮಾತ್ರಕ್ಕೆ ಅದು ಪರಿಹಾರವಾದುದಲ್ಲ. ಕೃತಿಯು ಉಳಿದುದು ಆಶ್ರಯದ ಎಲ್ಲ ಲೆಕ್ಕವನ್ನೂ ತೀರಿಸುವುದಿಲ್ಲ. ಆ ಲೆಕ್ಕವು ತೀರಲಿಲ್ಲವೆಂಬುದರಿಂದ ಕೃತಿಯು ಉಳಿದ ಉಪಕಾರವೂ ಇಲ್ಲವಾಗುವುದಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕಾದುದು ಮಾತ್ರ ಯುಕ್ತ.

ಇನ್ನೊಂದು ತಪ್ಪುಗ್ರಹಿಕೆಯನ್ನೂ ಇಲ್ಲಿ ಪರಿಹರಿಸಬೇಕು. ಐರೋಪ್ಯ ಸಂಗೀತದ ಮೋಹವು ಮಹಾರಾಜರನ್ನು ಸ್ವದೇಶದ ಸಂಗೀತದಿಂದ ದೂರಮಾಡಿತೆಂದು ಊಹಿಸಿದರೆ ಅದು ಸರಿಯಲ್ಲ. ವೀಣೆ ವೆಂಕಟಗಿರಿಯಪ್ಪನವರಿಂದ ವೀಣೆಯನ್ನೂ, ವಾಸುದೇವಾಚಾರ್ಯರಿಂದ ಶಾಸ್ತ್ರಪದ್ಧತಿಯನ್ನೂ ಕಲಿತ ಅವರು ಶ್ರೀವಿದ್ಯಾ ಎಂಬ ಮುದ್ರೆಯಿಂದ ಸಂಸ್ಕೃತದಲ್ಲಿ ೯೪ ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಕಛೇರಿಗಳಲ್ಲಿ ವಿರಳವಾಗಿ ಕೇಳಿಬರುವ ಅಪೂರ್ವ ರಾಗಗಳು ಅನೇಕ. ಐರೋಪ್ಯರಲ್ಲಿ ಮೆಟ್ನರ್, ಬಲಾಕಿರೆಫ್, ರೂಸೆಲ್ ಇವರನ್ನು ಆರಿಸಿಕೊಂಡ ಅಭಿರುಚಿಗೂ, ರಾಗಗಳಲ್ಲಿ ಅಪೂರ್ವವಾದುವನ್ನು ಆರಿಸಿಕೊಂಡ ಅಭಿರುಚಿಗೂ ಒಂದು ಬಾಂಧವ್ಯವುಂಟೆಂದು ಹೇಳಿದರೆ ಅದು ಕೇವಲ ಊಹೆಯಾದರೂ ನಿರಾಧಾರವಾದ ಊಹೆಯಲ್ಲ. ಸಭೆಯು ಮರೆತುದನ್ನು ನೆನಪಿನಲ್ಲಿಡುವುದು ಎರಡು ಕಡೆಗಳಲ್ಲಿಯೂ ಕಾಣುವ ಸಮಾನಧರ್ಮ. ಲಂಡನ್, ಪ್ಯಾರಿಸ್ ನಗರಗಳಲ್ಲಿ ಯಾರು ಹೊಸಬರು, ಯಾರು ಹಳಬರು ಎಂಬ ವಾದವು ಮೈಸೂರಿಗೆ ಕ್ಷೀಣವಾಗಿಯೇ ಮುಟ್ಟುತ್ತಿದ್ದಿರಬೇಕು. ತಟ್ಟೆಯು ಸಂಗೀತವನ್ನು ತರುತ್ತಿದ್ದಿತು, ಸಭೆಯ ಪಕ್ಷಪಾತವನ್ನು ತರುತ್ತಿರಲಿಲ್ಲ.

ಮೆಟ್ನರನ ಮರಣಾನಂತರ ಬಹುಕಾಲ ಅವನ ಸಂಗೀತವು ಪಶ್ಚಿಮ ದೇಶಗಳ ಸಭೆಗಳಲ್ಲಿ ವಿರಳವಾಗಿ ಕೇಳಿಬಂದಿತು. ೧೯೯೦ರ ದಶಕದಲ್ಲಿ ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ, ಮಾರ್ಕ್-ಆಂದ್ರೆ ಹಾಮ್ಲಾಂ ಮುಂತಾದ ವಾದಕರು ಅವನ ಕಂಚೆರ್ಟೊಗಳನ್ನೂ ಸೊನಾಟಗಳನ್ನೂ ಹೊಸದಾಗಿ ಮುದ್ರಿಸಿದರು. ಅವನ ಸ್ವಂತ ಮುದ್ರಣಗಳೂ ನೂತನ ತಟ್ಟೆಗಳಲ್ಲಿ ಪುನಃ ಪ್ರಕಟವಾದುವು. ಹೀಗೆ ಹೊಸಬರಿಗೆ ಲಿಪಿಯೊಂದೇ ಅಲ್ಲದೆ ಕರ್ತೃವಿನ ಕಾಲಗತಿಯೂ, ಅವನ ಒತ್ತು ನಿಲುಗಡೆಗಳೂ ಪರಾಮರ್ಶೆಗೆ ದೊರೆತುವು. ಶಾಂತಿಪುರಾಣದ ಓಲೆಪ್ರತಿಗಳಲ್ಲಿ ಪೊನ್ನನ ಮಾತುಂಟು, ಅವನು ಓದಿದ ದನಿಯಿಲ್ಲ. ಮೆಟ್ನರನದು ಎರಡೂ ಉಳಿದಿದೆ. ಅದು ಉಳಿದುದು, ಅವನ ಸಭೆಯಲ್ಲಿ ಎಂದೂ ಕುಳಿತಿರದ ಒಬ್ಬ ಶ್ರೋತೃವು ಮೈಸೂರಿನಲ್ಲಿ ಕಿವಿಗೊಟ್ಟು ಕೇಳಿದುದರಿಂದ.