ದನ ಕುಡಿದ ನೀರು

ದನದ ನೋವು ದೊಡ್ಡದೋ ಮನುಷ್ಯನ ನೋವು ದೊಡ್ಡದೋ ಅಂತ ನಮ್ಮನ್ನು ಯಾಕೆ ಕೇಳ್ತೀರಿ? ಆ ತಕ್ಕಡಿ ಹಿಡಿದವರು ನಾವಲ್ಲ. ಹಿಡಿದವರು ಲೆಕ್ಕ ಬರೆದಿಟ್ಟಿದ್ದಾರೆ. ಮನುಸ್ಮೃತಿಯ 11ನೇ ಅಧ್ಯಾಯದ ಪ್ರಕಾರ ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಗೂಬೆ, ಕಾಗೆ ಇವನ್ನು ಕೊಂದವನಿಗೂ ಶೂದ್ರನನ್ನು ಕೊಂದವನಿಗೂ ಒಂದೇ ಪ್ರಾಯಶ್ಚಿತ್ತ. ಶೂದ್ರನ ತೂಕವೇ ಒಂದು ಕಪ್ಪೆಯಷ್ಟಾದರೆ, ಊರಾಚೆ ಇಟ್ಟ ನಮ್ಮದು ಯಾವ ಬಟ್ಟಿಗೆ ಬಂತೋ!

ಇದು ಬರೀ ಪುಸ್ತಕದ ಮಾತಲ್ಲ. ಕೊಂಕಣದ ಮಹಾಡ್ ಊರಿನ ಚೌದಾರ್ ಕೆರೆಗೆ ದನ ಇಳಿಯಬಹುದಿತ್ತು, ನಾಯಿ ಇಳಿಯಬಹುದಿತ್ತು. ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂತ ಬೊಂಬಾಯಿಯ ಶಾಸನ ಸಭೆ 1923ರಲ್ಲಿ ಬೋಲೆಯವರ ಗೊತ್ತುವಳಿ ಒಪ್ಪಿತು. 1924ರಲ್ಲಿ ಮಹಾಡಿನ ಪುರಸಭೆಯೂ ಹೂಂ ಅಂದಿತು. ಕೆರೆ ತೆರೆದದ್ದು ಕಾಗದದಲ್ಲಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮೆರವಣಿಗೆಯ ಮುಂದೆ ನಡೆದು ಹೋಗಿ ಆ ನೀರು ಕುಡಿದರು. ಹಿಂದೆ ಬಂದ ಜನವೂ ಕುಡಿದರು. ಇವರು ದೇವಸ್ಥಾನಕ್ಕೂ ನುಗ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿತು. ಉಣ್ಣುತ್ತಾ ಕೂತವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಶುದ್ಧಿ: 108 ಗಡಿಗೆ, ಸಗಣಿ, ಗಂಜಲ, ಹಾಲು, ಮೊಸರು, ಮಂತ್ರ. ದನ ಕುಡಿದರೆ ಕೆಡದ ನೀರು ಮನುಷ್ಯ ಕುಡಿದದ್ದಕ್ಕೆ ಕೆಟ್ಟು, ದನದ ಗಂಜಲದಿಂದ ಸರಿಹೋಯಿತು! ಅದೇ ಊರಲ್ಲಿ ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಕೆರೆಯ ಹಕ್ಕು ಹೈಕೋರ್ಟಿನಲ್ಲಿ ಗೆಲ್ಲುವಷ್ಟರಲ್ಲಿ 1937 ಬಂದಿತ್ತು.

ಸರ್ಕಾರಗಳ ತಕ್ಕಡಿಯೂ ಬೇರೆಯಲ್ಲ. ಪ್ರಾಣಿಗಳನ್ನು ಹಿಂಸಿಸಿದವನಿಗೆ ಶಿಕ್ಷೆ ಕೊಡುವ ಕಾಯಿದೆಯನ್ನು ಬ್ರಿಟಿಷರು 1890ರಲ್ಲೇ ತಂದರು. ಅಸ್ಪೃಶ್ಯತೆ ಆಚರಿಸಿದವನಿಗೆ ಶಿಕ್ಷೆ ಕೊಡುವ ಇಡೀ ದೇಶದ ಕಾಯಿದೆ ಬಂದದ್ದು 1955ರಲ್ಲಿ. ನಡುವೆ 65 ವರ್ಷ. ಜೀತ ರದ್ದಿಗೆ 1976ರ ತನಕ ಕಾಯಬೇಕಾಯಿತು.

ಹಾಗಂತ ಎತ್ತಿನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನಮ್ಮಿಂದ ಆಗಲ್ಲ. ನಮ್ಮ ತಾತ ಜೀತಕ್ಕಿದ್ದ ಮನೆಯಲ್ಲಿ ಮಲಗುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಎತ್ತಿಗೆ ಹೊಟ್ಟೆ ಉಬ್ಬಿದರೆ ಸರಿರಾತ್ರಿಯಲ್ಲಿ ಪಂಡಿತನನ್ನು ಕರೆಯೋಕೆ ಓಡುತ್ತಿದ್ದವನು ತಾತ. ತಾತನಿಗೆ ಜ್ವರ ಬಂದಾಗ ಯಾರೂ ಓಡಲಿಲ್ಲ. ಆದರೂ ಎತ್ತಿನ ಬೆನ್ನಿನ ಬಾಸುಂಡೆಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದದ್ದು ಅವನೇ. ಅಂಥ ಬಾಸುಂಡೆ ಅವನ ಬೆನ್ನಲ್ಲೂ ಇತ್ತು. ಆ ಎತ್ತು ಸತ್ತಾಗ ಹೊತ್ತು ಸುಲಿಯೋ ಕೆಲಸವೂ ಅವನದೇ. ಸುಲಿಯುವಾಗ ಅತ್ತಿದ್ದ ಅಂತ ಅಜ್ಜಿ ಈಗಲೂ ಹೇಳ್ತಾಳೆ.