ಕುದುರೆಯ ಹಣೆಯ ಮೇಲಿನ ಬರಹ

ವಿಜಯನಗರದ ಸೈನಿಕನ ಕುದುರೆ ಸತ್ತರೆ ಅದನ್ನು ಹಾಗೆಯೇ ಹೂಳುವಂತಿರಲಿಲ್ಲ. ಅರಸನ ಮುದ್ರೆಯಿದ್ದ ಚರ್ಮದ ತುಂಡನ್ನು ಕತ್ತರಿಸಿ ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕಿತ್ತು. ಆಗ ಮಾತ್ರ ಬೇರೊಂದು ಕುದುರೆ ಸಿಗುತ್ತಿತ್ತು. ಸುಮಾರು 1535ರ ಹೊತ್ತಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಸವಾರನ ಹುದ್ದೆಯೂ ಹೊಟ್ಟೆಪಾಡೂ ಅಂಗೈಯಗಲದ ಒಂದು ಚರ್ಮದ ತುಂಡನ್ನು ಅವಲಂಬಿಸಿದ್ದ ಕಾಲ ಅದು.

ಇಷ್ಟು ಬಿಗಿ ಏಕೆ? ಕುದುರೆ ಅಷ್ಟು ದುಬಾರಿಯಾಗಿತ್ತು. ಅರಸ ಪ್ರತಿವರ್ಷ ಓರ್ಮುಜ್‌ನ ಮತ್ತು ನಾಡತಳಿಯ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ಸಾಳುವ ನರಸಿಂಹನ ಕಾಲದ ಸಂಗತಿ ಇನ್ನೂ ವಿಚಿತ್ರ. ಸಮುದ್ರಯಾನದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಆತ ಕೊಡುತ್ತಿದ್ದನಂತೆ. ಕುದುರೆ ಹಡಗು ಹತ್ತಿತ್ತೆಂಬುದಕ್ಕೆ ಬಾಲ ಸಾಕ್ಷಿ. ಆದರೆ ಅದು ಎಂಥ ಕುದುರೆ ಎಂಬುದನ್ನು ಬಾಲ ಹೇಳಲಾರದು. ಅದನ್ನು ಹೇಳುವುದು ಮೈಬಣ್ಣ, ಮುಖದ ಗುರುತು ಮತ್ತು ಸುಳಿ.

ಈ ಗುರುತುಗಳನ್ನು ಓದುವ ವಿದ್ಯೆ ವಿಜಯನಗರಕ್ಕಿಂತಲೂ ಹಳೆಯದು. ದೊಡ್ಡಬಸವೇಶ್ವರನ ಬೃಹತ್ ನಂದಿಯಿಂದ ಹೆಸರಾದ ಕುರುಗೋಡು 12ನೇ ಶತಮಾನದಲ್ಲಿ ಸಿಂದರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಬಣ್ಣ, ಲಕ್ಷಣಗಳ ವಿವರವಿದೆ. ಕನ್ನಡದಲ್ಲಿಯೂ ಅಭಿನವಚಂದ್ರನ ‘ಅಶ್ವವೈದ್ಯ’, 17ನೇ ಶತಮಾನದ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ದಂಥ ಕೃತಿಗಳು ಹುಟ್ಟಿದವು.

ಅಶ್ವಶಾಸ್ತ್ರದ ಎರಡು ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿದ್ದರೆ ಅದು ಪಂಚಕಲ್ಯಾಣಿ. ಇವುಗಳ ಜೊತೆಗೆ ಎದೆ, ಜೂಲು, ಬಾಲವೂ ಬೆಳ್ಳಗಿದ್ದರೆ ಅಷ್ಟಮಂಗಲ. ಮೈಬಣ್ಣಗಳಿಗೂ ಪ್ರತ್ಯೇಕ ಹೆಸರುಗಳಿದ್ದವು. ಸೋಮೇಶ್ವರನ ಸಮಕಾಲೀನನಾದ ಗುಜರಾತಿನ ಹೇಮಚಂದ್ರ ತನ್ನ ನಿಘಂಟಿನಲ್ಲಿ ಹಾಲುಬಿಳುಪಿನ ಕುದುರೆಯನ್ನು ‘ಸೇರಾಹ’, ಕಪ್ಪು ಕುದುರೆಯನ್ನು ‘ಖುಂಗಾಹ’, ಕಂದು ಮೈಯ, ಮಸುಕುಬಿಳಿ ಜೂಲು-ಬಾಲದ ಕುದುರೆಯನ್ನು ‘ವೋಲ್ಲಾಹ’ ಎಂದು ಕರೆದಿದ್ದಾನೆ. ಇವು ಸಂಸ್ಕೃತದ ಜಾಯಮಾನದ ಪದಗಳಲ್ಲ. ಪರ್ಷಿಯಾ, ಅರಬ್ ನಾಡುಗಳ ವ್ಯಾಪಾರಿಗಳು ಕುದುರೆಯೊಂದಿಗೆ ಅದರ ಬಣ್ಣದ ಹೆಸರನ್ನೂ ತಂದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಮುಂದೆ ದಖ್ಖನಿನಲ್ಲಿ ಕುಮ್ಮೈತ್, ಮುಷ್ಕಿ, ಅಬ್ಲಕ್ ಮುಂತಾದ ಹೆಸರುಗಳು ಬಂದದ್ದೂ ಇದೇ ಬಗೆಯಲ್ಲಿ.

ಶಾಸ್ತ್ರಕಾರರು ಈ ಗುರುತುಗಳಲ್ಲಿ ನೋಡಿದ್ದು ಮುಖ್ಯವಾಗಿ ಒಡೆಯನ ಶುಭಾಶುಭವನ್ನು. ಎತ್ತು ಕೊಳ್ಳುವ ರೈತ ಇಂದಿಗೂ ಸುಳಿ ನೋಡುತ್ತಾನಲ್ಲವೇ? ಅದೇ ನಂಬಿಕೆ. ಆದರೆ ರಾಜ್ಯಕ್ಕೆ ಬೇಕಾಗಿದ್ದುದು ಬೇರೆ: ನಿನ್ನೆ ಕೊಟ್ಟ ಕುದುರೆ ಇಂದು ಎದುರಿಗೆ ನಿಂತಿರುವುದೇ ಹೌದೇ? ಒಳ್ಳೆಯ ಕುದುರೆಯನ್ನು ಮಾರಿಕೊಂಡು ಬಡಕಲು ತಟ್ಟುವನ್ನು ತಂದು ನಿಲ್ಲಿಸುವ ಮೋಸ ಸೈನ್ಯಗಳಲ್ಲಿ ಹೊಸದಲ್ಲ. ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿ (1296-1316) ಇದಕ್ಕೆ ಎರಡು ಉಪಾಯ ಹೂಡಿದ. ಒಂದು ‘ದಾಗ್’, ಅಂದರೆ ಕುದುರೆಗೆ ಬರೆ ಹಾಕುವುದು. ಇನ್ನೊಂದು ‘ಹುಲಿಯಾ’, ಅಂದರೆ ಚಹರೆಪಟ್ಟಿ. ಅಕ್ಬರನೂ ಬರೆ ಹಾಕುವ ಪದ್ಧತಿಯನ್ನು ಮತ್ತೆ ಜಾರಿಗೆ ತಂದ. ಬರೆ ಹೇಳುವುದು ಕುದುರೆ ಯಾರದೆಂಬುದನ್ನು. ಚಹರೆ ಹೇಳುವುದು ಅದು ಯಾವ ಕುದುರೆಯೆಂಬುದನ್ನು. ಎರಡೂ ಸೇರಿದರೆ ಮೋಸ ಕಷ್ಟ.

ಸಿರುಗುಪ್ಪದ ತುಂಗಭದ್ರಾ ತೀರದಲ್ಲಿ ನಿಂತರೆ ಈ ಎಚ್ಚರಿಕೆಯ ಅಗತ್ಯ ತಿಳಿಯುತ್ತದೆ. ನದಿಯ ಆಚೆ ದಡದಿಂದಲೇ ರಾಯಚೂರು ದೋಆಬ್ ಆರಂಭ. ಅದಕ್ಕಾಗಿ ವಿಜಯನಗರವೂ ಬಹಮನಿಗಳೂ ಅವರ ನಂತರ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರ ರಾಯಚೂರು ಯುದ್ಧಕ್ಕೆ ನೂನಿಜ್ ಕೊಡುವ ಕಾರಣದಲ್ಲಿಯೂ ಕುದುರೆಯಿದೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ 40,000 ಪರ್ದಾವ್ ಕೊಟ್ಟು ಕಳುಹಿಸಿದ ವ್ಯಾಪಾರಿ ಹಣದೊಂದಿಗೆ ಆದಿಲ್‌ಶಾಹನ ಆಶ್ರಯಕ್ಕೆ ಓಡಿಹೋದ. ಅವನನ್ನು ಒಪ್ಪಿಸದಿದ್ದುದೇ ಯುದ್ಧಕ್ಕೆ ನೆಪವಾಯಿತು.

ಬಳ್ಳಾರಿಯಿಂದ ಸುಮಾರು 60 ಕಿ.ಮೀ. ದೂರದ ಹಂಪಿಯ ಮಹಾನವಮಿ ದಿಬ್ಬದಲ್ಲಿ, ಹಜಾರರಾಮ ಗುಡಿಯ ಗೋಡೆಯಲ್ಲಿ ಸಾಲುಸಾಲು ಕುದುರೆಗಳ ಕೆತ್ತನೆಗಳಿವೆ. ಜೀನು, ಲಗಾಮು, ಹಿಡಿದು ನಡೆಸುವವರ ಉಡುಗೆ ಎಲ್ಲವೂ ಅಲ್ಲಿ ಕಾಣುತ್ತವೆ. ಆದರೆ ಇಂದು ಉಳಿದ ಕಲ್ಲಿನಲ್ಲಿ ಯಾವುದು ಪಂಚಕಲ್ಯಾಣಿ ಎಂದು ಹೇಳುವಂತಿಲ್ಲ. ಆ ಬಣ್ಣಗಳು ಉಳಿದಿರುವುದು ಗ್ರಂಥಗಳಲ್ಲಿ ಮಾತ್ರ.

ಹಳಬರ ಈ ಗುರುತುಗಳಲ್ಲಿ ಯಾವುದು ನಂಬಿಕೆಗೆ ಅರ್ಹ? ಮೈಬಣ್ಣವೊಂದನ್ನೇ ನಂಬುವಂತಿಲ್ಲ. ನಾವು ಬಿಳಿ ಎನ್ನುವ ಅನೇಕ ಕುದುರೆಗಳು ಹುಟ್ಟುವಾಗ ಕಪ್ಪು ಅಥವಾ ಕಂದು. ವರ್ಷಗಳು ಕಳೆದಂತೆ ಕೂದಲು ನರೆಯುತ್ತದೆ. ಇದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನು ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಹಣೆಯ ಚುಕ್ಕೆ, ಮೂಗಿನುದ್ದದ ಪಟ್ಟೆ, ಕಾಲಿನ ಬಿಳುಪು ಹುಟ್ಟಿನಿಂದ ಬಂದವು. ಗರ್ಭದಲ್ಲಿ ಬಣ್ಣದ ಕೋಶಗಳು ತಲುಪದ ಭಾಗ ಬೆಳ್ಳಗೇ ಉಳಿಯುತ್ತದೆ; ಅಲ್ಲಿ ಕೂದಲಿನ ಕೆಳಗಿನ ಚರ್ಮ ಸಾಮಾನ್ಯವಾಗಿ ನಸುಗೆಂಪು. ಸುಳಿಯಂತೂ ಸಾಯುವವರೆಗೆ ಬದಲಾಗದು.

ಆದ್ದರಿಂದಲೇ ಇಂದಿನ ಕುದುರೆ ಪಾಸ್‌ಪೋರ್ಟುಗಳಲ್ಲಿ ಕುದುರೆಯ ರೇಖಾಚಿತ್ರದ ಮೇಲೆ ಬಿಳಿ ಗುರುತುಗಳ ಜೊತೆ ಸುಳಿಗಳನ್ನೂ ತೋರಿಸುತ್ತಾರೆ. ಯುರೋಪಿನಲ್ಲಿ 2009ರಿಂದ ಹೊಸ ಮರಿಗಳಿಗೆ ಮೈಕ್ರೋಚಿಪ್ ಕಡ್ಡಾಯವಾದ ಮೇಲೂ ಈ ಚಿತ್ರ ಉಳಿದಿದೆ. ಸುಳಿಯಿಂದ ಒಡೆಯನ ಭಾಗ್ಯ ತಿಳಿಯದು ನಿಜ. ಆದರೆ ಅದನ್ನು ಅಷ್ಟು ಶ್ರದ್ಧೆಯಿಂದ ಹುಡುಕಿ, ಎಣಿಸಿ, ಹೆಸರಿಟ್ಟವರ ಕಣ್ಣು ತಪ್ಪಿರಲಿಲ್ಲ. ಭವಿಷ್ಯ ಓದಲು ಹೊರಟವರು ಕುದುರೆಯ ಗುರುತಿನ ಚೀಟಿಯನ್ನೇ ಓದುತ್ತಿದ್ದರು.